ನಾನು ಸಾಕ್ಷಿ ಹೇಳಿದ ಹುಡುಗಿ

ಕಳೆದ ತಿಂಗಳು ನಾನೊಂದು ಮದುವೆಯ ಮಾತುಕತೆಗೆ ಕೂತಿದ್ದೆ. ಹುಡುಗ ತೀರಿಕೊಂಡು ಐವತ್ತೆರಡು ವರ್ಷ. ಹುಡುಗಿಯೂ ಬದುಕಿಲ್ಲ. ಅಷ್ಟೇ ಆಗಿದ್ದರೆ ನಮ್ಮ ಕಡೆ ಅದು ಸುದ್ದಿಯೇ ಅಲ್ಲ. ತೊಂದರೆ ಬೇರೆ. ಆ ಹುಡುಗಿ ಎಂದಾದರೂ ಹುಟ್ಟಿದ್ದಳೇ ಎಂಬುದೇ ಈಗ ನನಗೆ ಅನುಮಾನ. ಅವಳಿದ್ದಳು ಎಂದು ಹತ್ತು ಜನರ ಎದುರು ಸಾಕ್ಷಿ ಹೇಳಿದವನು ನಾನೇ.

ಘಟ್ಟದ ಮೇಲಿನ ಓದುಗರಿಗೆ ಒಂದಿಷ್ಟು ವಿವರಣೆ ಬೇಕು. ಮದುವೆಯಾಗದೆ ತೀರಿಕೊಂಡವರು, ಎಳೆಯ ಮಕ್ಕಳಾದರೂ ಸರಿ, ಆ ಲೋಕದಲ್ಲಿ ಬೆಳೆಯುತ್ತ ಇರುತ್ತಾರೆ ಎಂಬುದು ತುಳುನಾಡಿನ ನಂಬಿಕೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಆಗಬೇಕು. ಆಗದಿದ್ದರೆ ಮನೆಯಲ್ಲಿ ಬದುಕಿರುವವರ ಮದುವೆಗೆ ತಡೆ ಬರುತ್ತದೆ. ಹಾಗಾಗಿ ಇನ್ನೊಂದು ಮನೆಯಲ್ಲಿ ಹೀಗೆಯೇ ತೀರಿಕೊಂಡವರನ್ನು ಹುಡುಕುತ್ತಾರೆ. ಬರಿ ಬೇರೆ ಬೇರೆ ಇದೆಯೇ ಎಂದು ನೋಡುತ್ತಾರೆ. (ಬರಿ ಎಂದರೆ ಗೋತ್ರದ ಹಾಗೆ. ನಮ್ಮಲ್ಲಿ ಅದು ತಾಯಿಯ ಕಡೆಯಿಂದ ಬರುತ್ತದೆ.) ನಿಶ್ಚಯ ಮಾಡುತ್ತಾರೆ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಎರಡು ಕುರ್ಚಿಯ ಮೇಲೆ ಸೀರೆ, ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ಊಟ ಇರುತ್ತದೆ, ಕೋಳಿ ಸುಕ್ಕ ಇರುತ್ತದೆ. ಪ್ರೇತ ಮದುವೆ ಎಂಬ ಹೆಸರಿನಷ್ಟು ಭಯಂಕರವಾಗಿ ಅಲ್ಲಿ ಏನೂ ನಡೆಯುವುದಿಲ್ಲ.

ನಾನು ಇದನ್ನೆಲ್ಲ ನಂಬುವವನಲ್ಲ. ಈ ಅಂಕಣ ಓದುತ್ತ ಬಂದವರಿಗೆ ಅದು ಗೊತ್ತು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವನು. ಸಾಕ್ಷಿಯನ್ನು ಒಪ್ಪುವ ಮೊದಲು ಸಾಕ್ಷಿ ಹೇಳುವವನನ್ನು ವಿಚಾರಿಸು ಎಂದು ಅಲ್ಲಿ ಎರಡು ವರ್ಷ ಕಲಿಸಿದರು. ಅದನ್ನೇ ನಾನು ಮೂಡುಬಿದಿರೆಯಲ್ಲಿ ಕಾಲೇಜು ಹುಡುಗರಿಗೆ ಇಪ್ಪತ್ತೆಂಟು ವರ್ಷ ಕಲಿಸಿದೆ.

ಸಂಜೆ ಮನೆಗೆ ಬಂದು ಓದಿದ್ದು ಮಾತ್ರ ದೆವ್ವದ ಥ್ರಿಲ್ಲರ್.

ಹೌದು. ಹಳೆಯ ಹಾಸ್ಟೆಲಿನ ಬೀಗ ಹಾಕಿದ ಕೋಣೆ, ಕರೆಂಟು ಹೋದಾಗ ಹೊಡೆದುಕೊಳ್ಳುವ ಲ್ಯಾಂಡ್‌ಲೈನ್, ಫೋಟೋದಲ್ಲಿ ಒಬ್ಬರು ಹೆಚ್ಚಾಗಿ ಕಾಣುವುದು. ಯಾವುದನ್ನೂ ನಾನು ಬಿಟ್ಟಿಲ್ಲ. ಬಂಟ್ವಾಳದ ಓದುಗರೊಬ್ಬರು ಒಂದು ಪತ್ರ ಬರೆದು ಕೇಳಿದ್ದರು: "ಮೂಢನಂಬಿಕೆಯನ್ನು ಬೈಯುವ ನೀವು ಇಂಥ ಪುಸ್ತಕಗಳನ್ನು ಯಾಕೆ ಓದುತ್ತೀರಿ? ಅದರಲ್ಲಿ ಏನು ರುಚಿ?" ಉತ್ತರ ಕೊಡುತ್ತೇನೆ ಎಂದು ಆ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಈ ಮದುವೆ ಬಂತು.

ಎಪ್ರಿಲ್‌ನಲ್ಲಿ ಮುಂಡಾಜೆಯಿಂದ ಸುಮತಿಯ ಫೋನ್. ಅವಳು ನನ್ನ ಚಿಕ್ಕಮ್ಮನ ಮಗಳು. ಅವಳ ಮಗಳು ಪ್ರಜ್ಞಾಳಿಗೆ ಮೂರು ಸಂಬಂಧ ಬಂದು, ಮೂರೂ ನಿಶ್ಚಯದ ಹತ್ತಿರ ಬಂದು ತಪ್ಪಿಹೋಗಿದ್ದವು. (ಮುಂದಿನ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ನಮ್ಮ ಕಡೆಯ ಕನ್ನಡದಲ್ಲಿ ಕೊಡುತ್ತಿದ್ದೇನೆ.)

"ಅಣ್ಣ, ಪ್ರಶ್ನೆ ಇಡ್ತಾ ಇದ್ದೇವೆ. ಕುಟುಂಬದಲ್ಲಿ ಹಿರಿಯ ಗಂಡಸು ಈಗ ನೀವೇ. ನೀವು ಬಾರದಿದ್ದರೆ ಆಗುವುದಿಲ್ಲ."

"ನಾನು ಇದನ್ನೆಲ್ಲ ನಂಬುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ."

"ನಂಬಲಿಕ್ಕೆ ನಾವಿದ್ದೇವೆ. ನೀವು ಬಂದು ಕೂತುಕೊಳ್ಳಿ, ಸಾಕು."

ಹೋದೆ. ಟೈಲ್ಸ್ ಹಾಕಿದ ಹಾಲಿನಲ್ಲಿ ಕುಟುಂಬದವರು ಹತ್ತು ಜನ ಸೇರಿದ್ದರು. ಪ್ರಜ್ಞಾ ಮಂಗಳೂರಿನಲ್ಲಿ ನರ್ಸ್. ಒಂದು ದಿನದ ರಜೆ ಹಾಕಿ ಬಂದಿದ್ದಳು. ನನ್ನ ಪಕ್ಕ ಕೂತು ಸಣ್ಣ ದನಿಯಲ್ಲಿ ಹೇಳಿದಳು: "ಮಾವ, ಮೂರು ಸಂಬಂಧ ತಪ್ಪಿದ್ದು ನಾನು ಕೆಲಸ ಬಿಡುವುದಿಲ್ಲ ಅಂತ ಹೇಳಿದ್ದಕ್ಕೆ. ಅದನ್ನು ಕವಡೆಯಲ್ಲಿ ಕೇಳಬೇಕಾ?"

ನಾನು ನಕ್ಕೆ. ನಾವಿಬ್ಬರೂ ಒಂದೇ ಪಕ್ಷ ಎಂದು ಅವಳು ತಿಳಿದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ.

ಪ್ರಶ್ನೆ ನೋಡುವಲ್ಲಿ ಒಂದು ಕ್ರಮ ಉಂಟು. ಜ್ಯೋತಿಷಿ ಕವಡೆ ಹರಡಿ ತನಗೆ ಕಂಡದ್ದನ್ನು ಹೇಳುತ್ತಾರೆ. ಕುಟುಂಬದ ಯಾರಾದರೂ ಅದನ್ನು ಹೌದು ಎಂದು ಒಪ್ಪಬೇಕು. ಒಪ್ಪುವವರಿಲ್ಲದಿದ್ದರೆ ಮಾತು ಮುಂದೆ ಹೋಗುವುದಿಲ್ಲ. ಅವತ್ತು ಅವರು ಕವಡೆಗಳನ್ನು ಬೆರಳಿನಿಂದ ಬೇರೆ ಬೇರೆ ಮಾಡಿ, ತಲೆ ಎತ್ತಿ ಕೇಳಿದರು: "ಚಿಕ್ಕ ಪ್ರಾಯದಲ್ಲಿ ಹೋದ ಒಂದು ಹೆಣ್ಣು ಕಾಣ್ತದೆ. ನೀರಿನ ಸಂಬಂಧ ಉಂಟು. ಗೊತ್ತಿದ್ದವರು ಇದ್ದಾರಾ?"

ಸುಮತಿ ತನ್ನ ತಾಯಿಯನ್ನು ನೋಡಿದಳು. ಎಂಬತ್ತನಾಲ್ಕರ ಚಿಕ್ಕಮ್ಮ ಗೋಡೆ ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ನಾನು ಹೇಳಿದೆ: "ಉಂಟು."

ಯಾಕೆ ಹೇಳಿದೆ? ಆ ಕ್ಷಣ ನನಗೆ ನಿಜವಾಗಿ ಕಂಡಿತು, ಅದಕ್ಕೆ. ಕಕ್ಕಿಂಜೆಯಲ್ಲಿದ್ದ ಅಜ್ಜಿಮನೆ. ನನಗೆ ಒಂಬತ್ತು ವರ್ಷ. ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ. ಎಲ್ಲ ಎಲೆಗಳೂ ಸಾಲಾಗಿವೆ. ಒಂದು ಪುಟ್ಟ ಎಲೆ ಮಾತ್ರ ಹೊಸ್ತಿಲ ಪಕ್ಕದಲ್ಲಿ ಬೇರೆಯೇ ಇದೆ. ಅದರ ಮೇಲೆ ಸ್ವಲ್ಪ ಅನ್ನ, ಒಂದು ತುಂಡು ಮೀನು, ಅನ್ನದ ಮೇಲೆ ಒಂದೇ ಒಂದು ಕೆಂಪು ಗಾಜಿನ ಬಳೆ. ನಾನು ದಾಟಲು ಹೋದಾಗ ಅಜ್ಜಿ ಕೈ ಹಿಡಿದು ಹೇಳುತ್ತಾರೆ: "ದಾಟಬೇಡ. ಅದು ಅಪ್ಪಿಗೆ. ತೋಡಿಗೆ ಹೋದವಳು ಬರಲಿಲ್ಲ." (ತೋಡು ಎಂದರೆ ಸಣ್ಣ ಹಳ್ಳ.) ಅಪ್ಪಿ ಅಜ್ಜಿಯ ಅಕ್ಕನ ಕವಲಿನ ಮಗು. ಹೋದಾಗ ಮೂರು ವರ್ಷ. ಇದ್ದಿದ್ದರೆ ನನ್ನ ಪ್ರಾಯದವಳೇ.

ಇಷ್ಟನ್ನೂ ಹೇಳಿದೆ. ಬಳೆಯ ಮಾತು ಬಂದಾಗ ಸುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ನಿಧಾನವಾಗಿ ತಲೆ ಆಡಿಸಿದರು. ಜ್ಯೋತಿಷಿಗೆ ಬೇರೆ ಏನೂ ಬೇಕಾಗಲಿಲ್ಲ. ಪ್ರಜ್ಞಾ ಮಾತ್ರ ನನ್ನ ಪಕ್ಕದಿಂದ ಎದ್ದು ಅಡುಗೆಮನೆಗೆ ಹೋದಳು.

ಅಪ್ಪಿಗೆ ಹುಡುಗ ಸಿಗಲು ಎರಡು ತಿಂಗಳೂ ಬೇಕಾಗಲಿಲ್ಲ. ನಾರಾವಿಯ ಗಿರಿಜಕ್ಕನ ಮಗ. ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಮೂರೇ ದಿನದಲ್ಲಿ ಹೋದ. ಗಿರಿಜಕ್ಕನಿಗೆ ಈಗ ಎಪ್ಪತ್ತೈದು. ಗಂಡ ಇಲ್ಲ. ಮಗ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಇಬ್ಬರಿಗೂ ಮದುವೆಯಾಗಿ ಮೊಮ್ಮಕ್ಕಳೂ ಇದ್ದಾರೆ. ಹಾಗಾಗಿ ಈ ಮದುವೆಯಿಂದ ಅವರಿಗೆ ಯಾವ ತಡೆಯೂ ನಿವಾರಣೆ ಆಗಬೇಕಾಗಿಲ್ಲ. ಮಗನ ಮದುವೆ ನೋಡಬೇಕು, ಅಷ್ಟೇ. ಮೊದಲು ಎರಡು ಕಡೆ ವಿಚಾರಿಸಿದ್ದರಂತೆ. ಒಂದು ಕಡೆ ಬರಿ ಒಂದೇ ಆಯಿತು. ಇನ್ನೊಂದು ಕಡೆ ಹುಡುಗಿ ಮೂರು ವರ್ಷ ದೊಡ್ಡವಳು.

ಮಾತುಕತೆಗೆ ಅವರು ಮುಂಡಾಜೆಗೆ ಬಂದರು. ನನ್ನನ್ನೇ ಎದುರು ಕೂರಿಸಿಕೊಂಡರು.

"ಮಾಷ್ಟ್ರೇ, ನೀವು ಅವಳನ್ನು ನೋಡಿದ್ದೀರಾ?"

"ಇಲ್ಲ ಗಿರಿಜಕ್ಕ. ಅಜ್ಜಿ ಎಲೆ ಹಾಕಿದ್ದನ್ನು ನೋಡಿದ್ದೇನೆ."

"ಎಲೆಗೆ ಏನೇನು ಬಳಸಿದ್ರು?"

"ಅನ್ನ, ಮೀನು."

"ಮೀನು ತಿನ್ನುವವಳು." ಅವರಿಗೆ ಸಮಾಧಾನವಾಯಿತು. "ನಮ್ಮವನಿಗೂ ಮೀನಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ನಿಮಗೆ ಪ್ರಾಯ ಎಷ್ಟು?"

"ಐವತ್ತೇಳು."

"ಅವನಿಗೆ ಐವತ್ತಾರು." ನನ್ನ ತಲೆಯನ್ನೇ ನೋಡಿದರು. "ಅವನ ಅಪ್ಪನಿಗೂ ಬೇಗ ನರೆತಿತ್ತು."

ಆಮೇಲೆ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಂದು ಡಜನ್ ಕೆಂಪು ಗಾಜಿನ ಬಳೆ, ದೊಡ್ಡ ಕೈಯ ಅಳತೆಯದು. ಸುಮತಿ ಕೇಳಿದಳು: "ಮಗು ಅಲ್ವಾ ಗಿರಿಜಕ್ಕ, ಇದು ದೊಡ್ಡದಾಗುವುದಿಲ್ವಾ?"

"ಐವತ್ತು ವರ್ಷದಲ್ಲಿ ಕೈ ಬೆಳೆಯುವುದಿಲ್ವಾ ಮಾರಾಯ್ತಿ?"

ಎಲ್ಲರೂ ನಕ್ಕರು. ಅವರೂ ನಕ್ಕರು. ಹಾಗೆ ನಗುತ್ತಲೇ ನನಗೆ ಹೇಳಿದರು: "ನೀವೊಬ್ಬರು ನೆನಪಿಟ್ಟುಕೊಂಡದ್ದರಿಂದ ಆಯಿತು, ಮಾಷ್ಟ್ರೇ."

ಮದುವೆಗೆ ಆಟಿಯ ಕೊನೆಯ ವಾರದಲ್ಲಿ ದಿನ ನೋಡಿದರು.

ಮೂಡುಬಿದಿರೆಗೆ ಬಂದವನು ಬಂಟ್ವಾಳದ ಓದುಗರಿಗೆ ಉತ್ತರ ಬರೆಯಲು ಕೂತೆ. ದೆವ್ವದ ಕಾದಂಬರಿಯ ರುಚಿ ನನಗೆ ಹತ್ತಿದ್ದು ಅವರ ಊರಿನಲ್ಲೇ. ಅಪ್ಪ ಬಂಟ್ವಾಳ ಪೇಟೆಯಲ್ಲಿ ಟೈಲರ್. ಅಂಗಡಿಯ ಎರಡು ಬಾಗಿಲು ಆಚೆ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇತ್ತು. ಅಲ್ಲಿಂದ ತಂದು ವಾಪಸು ಕೊಡದೆ ಉಳಿದ ನಾಲ್ಕೈದು ಪುಸ್ತಕ ಅಟ್ಟದ ರಟ್ಟಿನ ಪೆಟ್ಟಿಗೆಯಲ್ಲಿದ್ದವು. (ಲೈಬ್ರರಿ ಮುಚ್ಚಿ ಎಷ್ಟೋ ಕಾಲವಾಯಿತು. ಕೊಡುವುದಾದರೂ ಯಾರಿಗೆ?) ಉದಾಹರಣೆಗೆ ಬೇಕೆಂದು ಇಳಿಸಿದೆ. ಒಂದರ ಮುಖಪುಟ ಹರಿದುಹೋಗಿದೆ, ಹೆಸರಿಲ್ಲ, ಬರೆದವರು ಯಾರೆಂದೂ ಗೊತ್ತಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅದನ್ನು ಎರಡು ಸಲ ಓದಿದ್ದು ನೆನಪಿತ್ತು.

ಅರ್ಧ ಪುಸ್ತಕ ದಾಟಿದ ಮೇಲೆ ಒಂದು ಪುಟದಲ್ಲಿ ಮನೆಯ ಮುದುಕಿ ಹೊಸ್ತಿಲ ಪಕ್ಕ ಒಂದು ಪುಟ್ಟ ಎಲೆ ಹಾಕುತ್ತಾಳೆ. ಅನ್ನದ ಮೇಲೆ ಒಂದೇ ಒಂದು ಕೆಂಪು ಬಳೆ ಇಡುತ್ತಾಳೆ. ದಾಟಲು ಹೋದ ನಾಯಕನ ಕೈ ಹಿಡಿದು ತಡೆಯುತ್ತಾಳೆ.

ನಾನು ಎದ್ದು ನೀರು ಕುಡಿದೆ. ಮತ್ತೆ ಓದಿದೆ. ಪುಟ ಬದಲಾಗಿರಲಿಲ್ಲ.

ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ಪುಸ್ತಕ ಮುಚ್ಚಿ ಕೇಳಿದಳು: "ನಿಮ್ಮ ಅಜ್ಜಿಯಂಥವರನ್ನು ನೋಡಿ ಅವರು ಬರೆದದ್ದಾ? ಅವರು ಬರೆದದ್ದನ್ನು ಓದಿ ನೀವು ಅಜ್ಜಿಯನ್ನು ಮಾಡಿದ್ದಾ?"

ಗೊತ್ತಿಲ್ಲ. ವ್ಯತ್ಯಾಸಗಳೂ ಇವೆ. ಪುಸ್ತಕದಲ್ಲಿ ತೋಡಿಲ್ಲ, ಬಾವಿ ಇದೆ. ಅಪ್ಪಿ ಎಂಬ ಹೆಸರಿಲ್ಲ. ಆ ಹುಡುಗಿಗೆ ಹತ್ತು ವರ್ಷ, ಅವಳು ಕೊನೆಗೆ ಮೂರು ಜನರ ಕತ್ತು ಮುರಿಯುತ್ತಾಳೆ. ನನ್ನ ಅಪ್ಪಿ ಯಾರಿಗೂ ಏನೂ ಮಾಡಲಿಲ್ಲ. ಹಾಗಾದರೆ ಅಪ್ಪಿ ಬೇರೆಯೇ? ಅಥವಾ ಪುಸ್ತಕದ ಹುಡುಗಿಯ ಉಗುರು ಕತ್ತರಿಸಿ, ತಲೆ ಬಾಚಿ, ನಾನೇ ಅವಳನ್ನು ಅಜ್ಜಿಮನೆಗೆ ಕರೆತಂದೆನೇ?

ಮರುದಿನ ಬೆಳಿಗ್ಗೆಯೇ ವೇಣೂರು ಮಾರ್ಗವಾಗಿ ಮುಂಡಾಜೆಗೆ ಹೋದೆ. ಅಜ್ಜಿಯ ಅಕ್ಕನ ಕವಲಿನವರು ಯಾರೂ ಉಳಿದಿಲ್ಲ. ಕೇಳಬಹುದಾದವರು ಚಿಕ್ಕಮ್ಮ ಒಬ್ಬರೇ. ಆದರೆ ಆ ವರ್ಷಗಳಲ್ಲಿ ಅವರು ಗಂಡನ ಜೊತೆ ಮುಂಬಯಿಯಲ್ಲಿದ್ದರು.

"ಚಿಕ್ಕಮ್ಮ, ಅಪ್ಪಿ ಅಂತ ಒಂದು ಮಗು ಇತ್ತಾ? ಪ್ರಶ್ನೆಯ ದಿನ ನೀವು ತಲೆ ಆಡಿಸಿದ್ರಿ."

"ನೀನು ಹೇಳಿದೆ, ಅದಕ್ಕೆ ಆಡಿಸಿದೆ."

"ಅದಕ್ಕಿಂತ ಮೊದಲು ಗೊತ್ತಿತ್ತಾ?"

"ಗೊತ್ತಿರಲಿಲ್ಲ ಕಾಣ್ತದೆ. ಆದರೆ ಈಗ ಕಣ್ಣು ಮುಚ್ಚಿದರೆ ಕಾಣ್ತಾಳೆ. ಕೆಂಪು ಬಳೆ ಹಾಕಿಕೊಂಡಿದ್ದಾಳೆ."

ನಾನು ಓದಿದ ಯಾವ ಥ್ರಿಲ್ಲರ್‌ನಲ್ಲೂ ಇಷ್ಟು ಹೆದರಿರಲಿಲ್ಲ.

ಬಂಟ್ವಾಳದ ಓದುಗರೇ, ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲೆಲ್ಲೋ ಇದೆ. ಅಂಥ ಕಾದಂಬರಿಯಲ್ಲಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ. ಬಾಗಿಲು ಕಿರ್ ಎಂದರೆ ಅದಕ್ಕೊಂದು ಸಾವು, ಆ ಸಾವಿಗೊಂದು ಅನ್ಯಾಯ, ಕೊನೆಯ ಅಧ್ಯಾಯದಲ್ಲಿ ಆ ಅನ್ಯಾಯಕ್ಕೊಂದು ಹೆಸರು. ನಮ್ಮ ಬದುಕಿನಲ್ಲಿ ಹಾಗುಂಟೇ? ಮೂರು ಸಂಬಂಧ ತಪ್ಪುತ್ತದೆ. ನಾಲ್ಕು ವರ್ಷದ ಮಗು ಮೂರು ದಿನದ ಜ್ವರದಲ್ಲಿ ಹೋಗುತ್ತದೆ. ಯಾಕೆ ಎಂದು ಕೇಳಿದರೆ ಕೊನೆಯ ಪುಟವೇ ಇಲ್ಲ.

ಇನ್ನೊಂದು ಕಾರಣ ಹೇಳಲು ನನಗೆ ಸ್ವಲ್ಪ ನಾಚಿಕೆ. ಸತ್ತವರಿಗೆ ನಮ್ಮ ಹತ್ತಿರ ಇನ್ನೂ ಏನೋ ಕೆಲಸ ಉಳಿದಿದೆ ಎಂದು ಆ ಪುಸ್ತಕಗಳು ಹೇಳುತ್ತವೆ. ಸಿಟ್ಟಿನಿಂದಾದರೂ ಸರಿ, ಅವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹುಡುಕಿಕೊಂಡು ಬಂದಿಲ್ಲ. ಬರುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತು. ಗೊತ್ತಿದ್ದೂ ಸಂಜೆ ಎರಡು ಗಂಟೆ ಆ ಖಚಿತತೆಯನ್ನು ಪಕ್ಕಕ್ಕಿಟ್ಟು ಕೂರುವುದು ಹಿತ. ಪುಸ್ತಕ ಮುಚ್ಚಿ ಎದ್ದರೆ ಮುಗಿಯಿತು. ಯಾರಿಗೂ ಎಲೆ ಹಾಕಬೇಕಾಗಿಲ್ಲ.

ಮುಂಡಾಜೆಯ ಹಾಲಿನಲ್ಲಿ ನಾನು ಮಾಡಿದ್ದು ಓದುಗನ ಕೆಲಸ. ಕಥೆ ಒಂದು ಕಡೆ ನಿಂತಿತ್ತು, ಒಂದು ಪುಟ ಕಾಣೆಯಾಗಿತ್ತು. ನನಗೆ ತಡೆಯಲಾಗಲಿಲ್ಲ, ಸೇರಿಸಿದೆ. ಆದರೆ ಆ ಪುಟವನ್ನು ನಂಬಿ ನಾರಾವಿಯಿಂದ ಒಬ್ಬ ತಾಯಿ ಬಳೆ ತಂದಿದ್ದಾರೆ.

ಅವತ್ತೇ ಸುಮತಿಗೂ ಪುಸ್ತಕದ ವಿಷಯ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಹೇಳಿದಳು: "ಅಣ್ಣ, ಇನ್ನು ಹದಿನೈದು ದಿನ ಉಂಟು. ಅಡುಗೆಯವರಿಗೆ ಹೇಳಿಯಾಗಿದೆ. ನಿಮಗೆ ಈಗ ಡೌಟ್ ಬಂತಾ?"

"ಸುಳ್ಳಾಗಿದ್ದರೆ?"

"ನೀವು ಯಾವುದನ್ನೂ ನಂಬುವವರಲ್ಲ. ನಿಮಗೆ ಅದು ಹೇಗೂ ಸುಳ್ಳೇ. ನಂಬುವ ನಮಗೆ ತೊಂದರೆ ಇಲ್ಲದಿದ್ದರೆ ನಿಮಗೇನು?"

ಇಲ್ಲದ ಹುಡುಗನಿಗೂ ಇಲ್ಲದ ಹುಡುಗಿಗೂ ಮದುವೆ, ಇದರಿಂದ ಯಾರಿಗೆ ನಷ್ಟ? ಪ್ರಜ್ಞಾಳ ತಾಯಿಗೆ ಧೈರ್ಯ ಬರುತ್ತದೆ. ಗಿರಿಜಕ್ಕನಿಗೆ ಸೊಸೆ ಬರುತ್ತಾಳೆ. ಎಲ್ಲರೂ ಊಟ ಮಾಡುತ್ತಾರೆ. ಸುಮ್ಮನಿದ್ದರೆ ಆಯಿತು. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ನಾರಾವಿಯ ಬಸ್ಸು ಹತ್ತಿದೆ.

ಗಿರಿಜಕ್ಕ ಸಿಟ್‌ಔಟಿನಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಪುಸ್ತಕ ತಂದಿದ್ದೆ, ಆ ಪುಟ ಓದಿ ಹೇಳಿದೆ. ಅವರು ಕೈ ನಿಲ್ಲಿಸಿ ಕೇಳಿದರು.

"ಅಂದರೆ ಅವಳು ಇರಲಿಲ್ಲ."

"ಇರಲಿಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ ಗಿರಿಜಕ್ಕ. ಇದ್ದಿರಲೂಬಹುದು."

"ಇದ್ದಿರಬಹುದು ಅಂತ ಹೇಳಿ ಎಲೆ ಹಾಕ್ಲಿಕ್ಕೆ ಆಗ್ತದಾ?"

ನಾನು ಸುಮತಿಯ ಮಾತನ್ನೇ ತಿರುಗಿಸಿ ಹೇಳಿದೆ. ಮದುವೆಯಿಂದ ನಿಮಗೆ ನೆಮ್ಮದಿ ಸಿಗುವುದಾದರೆ ನಡೆಯಲಿ, ನಾನು ಅಡ್ಡ ಬರುವುದಿಲ್ಲ ಎಂದೆ. ದೊಡ್ಡ ಮನಸ್ಸಿನ ಮಾತು ಆಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವರು ಬೀಜದ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಮಾಷ್ಟ್ರೇ, ನನ್ನ ಮಗ ಇದ್ದ. ನಾನು ಹೆತ್ತದ್ದು. ಅವನ ಮೊದಲ ಹಲ್ಲು ಯಾವ ಕಡೆ ಬಂತು ಅಂತ ನನಗೆ ಗೊತ್ತುಂಟು. ಇಲ್ಲದ ಹುಡುಗಿಯ ಪಕ್ಕ ಅವನನ್ನು ಕೂರಿಸಿದರೆ, ಅವನೂ ಕಥೆಯೇ ಆಗ್ತಾನೆ."

ಸಾಕ್ಷಿ, ಪುರಾವೆ ಎಂದು ಇಡೀ ಜೀವನ ಪಾಠ ಹೇಳಿದವನು ನಾನು. ಅವತ್ತು ಆ ಸಿಟ್‌ಔಟಿನಲ್ಲಿ ಪುರಾವೆ ಬೇಕೆಂದವರು ಅವರು, ಪರವಾಗಿಲ್ಲ ಎಂದವನು ನಾನು. ನಂಬುವವರಿಗೆ ಏನಿದ್ದರೂ ನಡೆಯುತ್ತದೆ ಎಂದು ನಾವು ಓದಿದವರು ತಿಳಿದುಕೊಂಡಿದ್ದೇವೆ. ಅದು ನಮ್ಮ ಅಹಂಕಾರ. ಏನಿದ್ದರೂ ನಡೆಯುತ್ತದೆ ಎನ್ನುವುದು ಹೆದರಿಕೆಯನ್ನು ಕಾಲಕ್ಷೇಪಕ್ಕೆ ಓದುವ ನನ್ನಂಥವನಿಗೆ. ಸಾವಿಗೆ ನಿಜವಾಗಿ ಒಬ್ಬರನ್ನು ಬಿಟ್ಟುಕೊಟ್ಟವರಿಗೆ ಸುಳ್ಳು ದೆವ್ವ ಬೇಡ.

ಮದುವೆ ನಿಂತಿತು. ಸುಮತಿ ನನಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ. ಪ್ರಜ್ಞಾ ಒಂದು ಮೆಸೇಜ್ ಕಳಿಸಿದ್ದಳು: "ಮಾವ, ಈಗ ಹೇಳಿದ್ದನ್ನು ಎಪ್ರಿಲ್‌ನಲ್ಲಿ ಹೇಳಬಹುದಿತ್ತು." ಸರಿಯಾದ ಮಾತು.

ಅವತ್ತು ನಾರಾವಿಯಿಂದ ಹೊರಡುವಾಗ ಗಿರಿಜಕ್ಕ ಗೇಟಿನವರೆಗೆ ಬಂದಿದ್ದರು.

"ನೀವು ಪೇಪರಿನಲ್ಲಿ ಬರೆಯುವವರಲ್ವಾ? ನಮ್ಮವನ ವಿಷಯ ಹಾಕಿ. ಇದ್ದ ಹುಡುಗಿ ಬೇಕು ಅಂತ ಹಾಕಿ."

"ನನ್ನ ಅಂಕಣ ಅಂಥದ್ದಕ್ಕಲ್ಲ ಗಿರಿಜಕ್ಕ. ನಾನು ಇದನ್ನೆಲ್ಲ ವಿರೋಧಿಸಿ ಬರೆಯುವವನು."

"ಪುಸ್ತಕದ ಹುಡುಗಿಗೆ ಸಾಕ್ಷಿ ಹೇಳಿದ್ರಿ. ಇದ್ದ ಹುಡುಗನಿಗೆ ಹೇಳಲಿಕ್ಕೆ ಆಗುವುದಿಲ್ವಾ?"

ಎರಡು ವಾರ ಈ ಮಾತನ್ನು ತಲೆಯಿಂದ ತೆಗೆಯಲು ನೋಡಿದೆ, ಹೋಗಲಿಲ್ಲ. ಪ್ರೇತ ಮದುವೆಯಲ್ಲಿ ನನಗೆ ಈಗಲೂ ನಂಬಿಕೆ ಇಲ್ಲ. ಇದನ್ನು ಓದಿ ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು, ಸಂಪಾದಕರು ಫೋನ್ ಮಾಡಬಹುದು. ಮಾಡಲಿ.

ಹುಡುಗನ ಹೆಸರು ಸದಾನಂದ. ನಾರಾವಿಯವನು. ನಾಲ್ಕು ವರ್ಷ ಎರಡು ತಿಂಗಳು ಇದ್ದ. ಎಡಗೈಯಲ್ಲಿ ಉಣ್ಣುತ್ತಿದ್ದ. ಬೈದರೆ ಬಲಗೈಗೆ ಬದಲಿಸಿ, ಅಮ್ಮ ಆಚೆ ತಿರುಗಿದ ಕೂಡಲೇ ಮತ್ತೆ ಎಡಗೈ. ತಾಯಿಗೆ ಎಪ್ಪತ್ತೈದು, ಹೆಚ್ಚು ಕಾಯುವ ಹಾಗಿಲ್ಲ. ಬರಿ ಯಾವುದೆಂದು ಪತ್ರಿಕೆಗೆ ಬರೆದು ಕೇಳಿದವರಿಗೆ ತಿಳಿಸುತ್ತೇನೆ. ಶರತ್ತು ಒಂದೇ, ಅದು ತಾಯಿಯದು, ನನಗೂ ಅದಕ್ಕಿಂತ ಒಳ್ಳೆಯದು ಗೊತ್ತಿಲ್ಲ.

ನಿಮ್ಮ ಮನೆಯಲ್ಲಿ, ನೀವು ಕೈಯಾರೆ ಎತ್ತಿ ಆಡಿಸಿದ ಒಬ್ಬಳು ಹುಡುಗಿ ಇದ್ದಳೇ?